ಕೋರ್ಟ್ ಆಫ್ ಅಪೀಲ್ ತನ್ನದೇ ಹಳೆಯ ತೀರ್ಪನ್ನು ಬಿಡಬಹುದಾ?

ಇಂಗ್ಲೆಂಡಿನ ಕೋರ್ಟ್ ಆಫ್ ಅಪೀಲ್ ತನ್ನ ಹಳೆಯ ತೀರ್ಪು ತಪ್ಪು ಅನ್ನಿಸಿದರೆ ಬದಿಗಿಡಬಹುದಾ ಅಂತ ಕೇಳಿದ್ದೀರಿ. ಸಿವಿಲ್ ಕೇಸಾದರೆ ಸಾಮಾನ್ಯವಾಗಿ ಆಗೋದಿಲ್ಲ. 1944ರ ಯಂಗ್ ವಿರುದ್ಧ ಬ್ರಿಸ್ಟಲ್ ಏರೋಪ್ಲೇನ್ ಕೇಸಿನಲ್ಲಿ ಹೇಳಿದ ನಿಯಮ ಇದು. ಅದರ ವಿನಾಯಿತಿಗಳು ನೆನಪಿರಲಿ. ತನ್ನದೇ ಎರಡು ತೀರ್ಪು ಒಂದಕ್ಕೊಂದು ವಿರುದ್ಧವಿದ್ದರೆ ಒಂದನ್ನು ಆರಿಸಿಕೊಳ್ಳಬಹುದು. ಮೇಲಿನ ಕೋರ್ಟಿನ ತೀರ್ಪಿಗೆ ಹೊಂದದಿದ್ದರೆ ಬಿಡಲೇಬೇಕು. ಸಂಬಂಧಪಟ್ಟ ಕಾನೂನನ್ನೇ ನೋಡದೆ ಕೊಟ್ಟದ್ದಾದರೆ ಪಾಲಿಸಬೇಕಿಲ್ಲ.

ಇದೇ ಕೋರ್ಟಿನ ನ್ಯಾಯಾಧೀಶರಾಗಿದ್ದ ಲಾರ್ಡ್ ಡೆನ್ನಿಂಗ್‌ಗೆ ಈ ಕಟ್ಟು ಇಷ್ಟವಿರಲಿಲ್ಲ. ಡೇವಿಸ್ ವಿರುದ್ಧ ಜಾನ್ಸನ್ ಕೇಸಿನಲ್ಲಿ, ಹೊಡೆಯುವ ಸಂಗಾತಿಯಿಂದ ರಕ್ಷಣೆ ಕೇಳಿದ ಹೆಣ್ಣುಮಗಳಿಗಾಗಿ ಹಿಂದಿನ ತೀರ್ಪುಗಳನ್ನು ಬದಿಗಿಟ್ಟರು. 1978ರಲ್ಲಿ ಆಗಿನ ಅತ್ಯುನ್ನತ ಕೋರ್ಟಾದ ಹೌಸ್ ಆಫ್ ಲಾರ್ಡ್ಸ್ ಆಕೆಯ ಪರವೇ ನಿಂತಿತು. ಆದರೆ ಯಂಗ್ ನಿಯಮ ಮೀರುವ ಹಾಗಿಲ್ಲ ಅಂತ ಖಡಾಖಂಡಿತವಾಗಿ ಹೇಳಿತು. ನನಗೂ ಅದೇ ಸರಿ ಅನ್ನಿಸುತ್ತೆ. ತನ್ನದೇ ತೀರ್ಪು ಬದಲಿಸುವ ಅಧಿಕಾರವನ್ನು ಹೌಸ್ ಆಫ್ ಲಾರ್ಡ್ಸ್ 1966ರಲ್ಲಿ ತೆಗೆದುಕೊಂಡಿತ್ತು. 2009ರಿಂದ ಆ ಅಧಿಕಾರ ಬ್ರಿಟನ್ನಿನ ಸುಪ್ರೀಂ ಕೋರ್ಟಿನ ಕೈಯಲ್ಲಿದೆ.