ಉಪ್ಪು ಇಳಿಸಿದರೆ ರುಚಿ ಇಳಿಯಲೇಬೇಕೆಂದಿಲ್ಲ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಮನುಷ್ಯರ ನಾಲಿಗೆ, ಮೂಗು, ಕಿವಿಗಳನ್ನೇ ಅಳತೆಗೋಲು ಮಾಡಿಕೊಂಡು ಆಹಾರವನ್ನು ಪರೀಕ್ಷಿಸುವ ಶಾಸ್ತ್ರಕ್ಕೆ ಇಂದ್ರಿಯ ವಿಜ್ಞಾನ ಎಂದು ಹೆಸರು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಈ ಬಗೆಯ ಪರೀಕ್ಷೆಗಳು ನಡೆಯುತ್ತವೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಉಪ್ಪಿನ ಬಗ್ಗೆ ಇದ್ದುದರಿಂದ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮ ಮನೆಯವರಿಗೆ ಬಿ.ಪಿ. ಇದೆ. ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ ಮರುದಿನವೇ ಸಾರಿಗೆ ಅರ್ಧಕ್ಕರ್ಧ ಉಪ್ಪು ಇಳಿಸಿದೆ. ಅತ್ತೆ, ಮಕ್ಕಳು ಸೇರಿ ಎಲ್ಲರೂ ಸಪ್ಪೆ ಎಂದು ತಟ್ಟೆ ಸರಿಸಿದರು. ಈಗ ಉಪ್ಪಿನಕಾಯಿ ಮೊದಲಿಗಿಂತ ಬೇಗ ಖಾಲಿಯಾಗುತ್ತಿದೆ. ‘ಉಪ್ಪಿಗಿಂತ ರುಚಿಯಿಲ್ಲ’ ಎಂಬ ಗಾದೆ ಇರುವಾಗ ನಾನೇನು ಮಾಡಲಿ? — ಗೃಹಿಣಿ, ದಾವಣಗೆರೆ

ಉತ್ತರ: ನೀವು ಇಳಿಸಿದ್ದು ತಪ್ಪಲ್ಲ, ಒಂದೇ ಏಟಿಗೆ ಇಳಿಸಿದ್ದು ತಪ್ಪಾಯಿತು. ನಾಲಿಗೆ ಉಪ್ಪನ್ನು ಗ್ರಾಂ ಲೆಕ್ಕದಲ್ಲಿ ಅಳೆಯುವುದಿಲ್ಲ, ನಿನ್ನೆ ತಿಂದದ್ದಕ್ಕೆ ಹೋಲಿಸಿ ನೋಡುತ್ತದೆ. ಹತ್ತು ಗ್ರಾಂ ಇದ್ದ ಕಡೆ ಒಂಬತ್ತು ಗ್ರಾಂ ಹಾಕಿದರೆ ಹುಳಿ, ಖಾರ, ಮಸಾಲೆ ಇರುವ ನಮ್ಮ ಅಡುಗೆಯಲ್ಲಿ ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ಐದಕ್ಕೆ ಇಳಿಸಿದರೆ ಮಗುವೂ ಕಂಡುಹಿಡಿಯುತ್ತದೆ. ಬ್ರಿಟನ್ನಿನಲ್ಲಿ ಬ್ರೆಡ್ಡಿನ ಉಪ್ಪನ್ನು ಹೀಗೆಯೇ ಸ್ವಲ್ಪ ಸ್ವಲ್ಪವಾಗಿ, 2001ರಿಂದ 2011ರ ನಡುವೆ ಸುಮಾರು ಶೇ. 20ರಷ್ಟು ತಗ್ಗಿಸಿದರು.

ಮೊದಲು ನಿಮ್ಮ ಮನೆಯ ಲೆಕ್ಕ ತೆಗೆಯಿರಿ. ಹೊಸ ಉಪ್ಪಿನ ಪೊಟ್ಟಣ ಒಡೆದ ದಿನ ಅದರ ಮೇಲೆ ತಾರೀಕು ಬರೆಯಿರಿ, ಮುಗಿದ ದಿನವನ್ನೂ ಬರೆಯಿರಿ. ನಾಲ್ವರು ದೊಡ್ಡವರಿರುವ ಮನೆಯಲ್ಲಿ ಒಂದು ಕಿಲೋ ಮೂವತ್ತು ದಿನಕ್ಕೆ ಮುಗಿದರೆ ತಲೆಗೆ ದಿನಕ್ಕೆ ಎಂಟು ಗ್ರಾಂಗಿಂತ ಮೇಲಾಯಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಐದು ಗ್ರಾಂಗಿಂತ ಕಡಿಮೆ. ಅಂದರೆ ನಾಲ್ವರಿಗೆ ತಿಂಗಳಿಗೆ 600 ಗ್ರಾಂ. ಅಂಗಡಿಯಿಂದ ಬರುವ ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿನಿಸುಗಳ ಉಪ್ಪು ಈ ಪೊಟ್ಟಣದ ಲೆಕ್ಕಕ್ಕೆ ಬರುವುದಿಲ್ಲ ಎನ್ನುವುದೂ ನೆನಪಿರಲಿ.

ಇನ್ನು ಇಳಿಸುವ ಬಗೆ. ಎರಡು ವಾರಕ್ಕೊಮ್ಮೆ ಹತ್ತನೇ ಒಂದು ಭಾಗ ತೆಗೆಯಿರಿ. ತಿಂಗಳ ಲೆಕ್ಕದಲ್ಲಿ 1000 ಗ್ರಾಂ ಇದ್ದದ್ದು 900, 810, 730, 656, ಕೊನೆಗೆ 590 ಆಗುತ್ತದೆ. ಐದು ಮೆಟ್ಟಿಲು, ಹತ್ತು ವಾರ. ಇಷ್ಟು ಕಾಲ ಬೇಕೇ ಬೇಕು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ರುಚಿ–ವಾಸನೆಗಳನ್ನೇ ಅಧ್ಯಯನ ಮಾಡುವ ಮೊನೆಲ್ ಕೇಂದ್ರದ ಬರ್ಟಿನೊ, ಬೋಷಾಂ ಮತ್ತು ಸಂಗಡಿಗರು 1982ರಲ್ಲಿ ತೋರಿಸಿದ್ದು ಇದನ್ನೇ. ಕಡಿಮೆ ಉಪ್ಪಿನ ಊಟವನ್ನು ಐದು ತಿಂಗಳು ಮಾಡಿದವರಿಗೆ ಮೆಲ್ಲಗೆ ಕಡಿಮೆ ಉಪ್ಪೇ ಹಿತವಾಯಿತು. ಮೊದಲು ಇಷ್ಟಪಡುತ್ತಿದ್ದ ಮಟ್ಟ ಅವರಿಗೆ ಅತಿ ಉಪ್ಪೆನಿಸತೊಡಗಿತು. ಈ ಬದಲಾವಣೆ ಕಾಣಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಹೆಚ್ಚಿನವರು ಎರಡನೇ ವಾರಕ್ಕೇ ಸೋತು ಬಿಟ್ಟುಬಿಡುತ್ತಾರೆ.

ಕಣ್ಣಂದಾಜಿನಲ್ಲಿ ಹತ್ತನೇ ಒಂದು ಭಾಗ ತೆಗೆಯಲು ಯಾರಿಗೂ ಆಗದು. ಕಲ್ಲುಪ್ಪು, ಪುಡಿ ಉಪ್ಪು ಒಂದೇ ಚಮಚದಲ್ಲಿ ಬೇರೆ ಬೇರೆ ತೂಗುತ್ತವೆ. ಆದ್ದರಿಂದ ಉಪ್ಪುನೀರು ಮಾಡಿಟ್ಟುಕೊಳ್ಳಿ. 100 ಗ್ರಾಂ ಉಪ್ಪಿಗೆ ಕಾಯಿಸಿ ಆರಿಸಿದ ನೀರು ಹಾಕಿ ಕರಗಿಸಿ, ಒಟ್ಟು ಸರಿಯಾಗಿ ಅರ್ಧ ಲೀಟರ್ ಆಗುವಂತೆ ತುಂಬಿಸಿ. ಈಗ ಐದು ಮಿಲಿಲೀಟರಿನ ಒಂದು ಚಮಚ ಎಂದರೆ ಒಂದು ಗ್ರಾಂ ಉಪ್ಪು. ಒಂದು ಲೀಟರ್ ಸಾರಿಗೆ ಹತ್ತು ಚಮಚ ಹಾಕುತ್ತಿದ್ದರೆ ಈ ಹದಿನೈದು ದಿನ ಒಂಬತ್ತು. ಗಾಜಿನ ಸೀಸೆಯಲ್ಲಿ ಮುಚ್ಚಿಡಿ, ವಾರಕ್ಕಾಗುವಷ್ಟೇ ಮಾಡಿ.

ರುಚಿ ನೋಡುವವರ ನಾಲಿಗೆಯೂ ಮೋಸ ಮಾಡುತ್ತದೆ. ಒಲೆಯ ಮುಂದೆ ನಿಂತು ನಾಲ್ಕು ಸಲ ಸಾರು ಚಪ್ಪರಿಸಿದರೆ ನಾಲಿಗೆ ಆ ಉಪ್ಪಿಗೆ ಒಗ್ಗಿಬಿಡುತ್ತದೆ, ‘ಇನ್ನೂ ಸ್ವಲ್ಪ ಬೇಕು’ ಎನಿಸುತ್ತದೆ. ಒಂದೇ ಸಲ ನೋಡಿ. ಅದೂ ಬಾಯಿ ಮುಕ್ಕಳಿಸಿ ಅರ್ಧ ನಿಮಿಷ ಬಿಟ್ಟು, ಬಡಿಸುವಷ್ಟು ಬಿಸಿಗೆ ಆರಿದ ಮೇಲೆ. ಆಗಲೂ ಸಪ್ಪೆ ಅನಿಸಿದರೆ ಉಪ್ಪಿನ ಸೀಸೆಗೆ ಮುಂಚೆ ನಿಂಬೆಹಣ್ಣಿಗೆ ಕೈ ಹಾಕಿ. ಹದವಾದ ಹುಳಿ ಉಪ್ಪಿನ ರುಚಿಯನ್ನು ಎತ್ತಿ ಕೊಡುತ್ತದೆ. ಹಣ್ಣಾದ ಟೊಮೆಟೊ, ಅಣಬೆಗಳಲ್ಲಿ ಗ್ಲುಟಮೇಟ್ ಇದೆ. ಜಪಾನಿನ ಕಿಕುನೆ ಇಕೆಡಾ 1908ರಲ್ಲಿ ಸಮುದ್ರಪಾಚಿಯ ಸಾರಿನಿಂದ ಬೇರ್ಪಡಿಸಿ ‘ಉಮಾಮಿ’ ಎಂದು ಹೆಸರಿಟ್ಟ ರುಚಿ ಅದರದ್ದು. ಟೊಮೆಟೊ ಸಾರು ಕಡಿಮೆ ಉಪ್ಪಿನಲ್ಲೂ ತುಂಬಿಕೊಂಡಂತೆ ಇರುವುದು ಇದರಿಂದ. ಸೌತೆಕಾಯಿ ಹೋಳು, ಬೇಯಿಸಿದ ಕಾಳುಗಳಿಗೆ ಬಡಿಸುವಾಗ ಮೇಲೆ ಉಪ್ಪುದುರಿಸಿ. ಒಳಗೆ ಇಳಿದ ಉಪ್ಪಿಗಿಂತ ಮೇಲೆ ಕೂತ ಹರಳು ನಾಲಿಗೆಗೆ ಮೊದಲು ತಾಗುತ್ತದೆ, ಕಡಿಮೆಯಲ್ಲೇ ಸಾಕಾಗುತ್ತದೆ.

ಉಪ್ಪಿನಕಾಯಿಯ ಭರಣಿಯನ್ನು ಊಟದ ಜಾಗದಿಂದ ಎತ್ತಿಡಿ. ಸಾರಿನಲ್ಲಿ ಉಳಿಸಿದ್ದು ಅಲ್ಲಿ ಸೋರಿದರೆ ಹತ್ತು ವಾರದ ಶ್ರಮವೆಲ್ಲ ನೀರುಪಾಲು.

ಪ್ರಶ್ನೆ: ಅಂಗಡಿಯಲ್ಲಿ ಸಿಗುವ ‘ಲೋ ಸೋಡಿಯಂ’ ಉಪ್ಪು ಗಂಜಿಗೆ ಹಾಕಿದರೆ ಕಹಿ ಬರುತ್ತದೆ. ಕಲಬೆರಕೆಯೇ? ಅದರ ಬದಲು ಗುಲಾಬಿ ಬಣ್ಣದ ಕಲ್ಲುಪ್ಪು ವಾಸಿಯೇ? — ಉಡುಪಿ

ಉತ್ತರ: ಕಲಬೆರಕೆಯಲ್ಲ. ಅದರಲ್ಲಿ ಸೋಡಿಯಂ ಕ್ಲೋರೈಡಿನ ಒಂದು ಭಾಗ ತೆಗೆದು ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿರುತ್ತಾರೆ. ಅದಕ್ಕೆ ಉಪ್ಪಿನ ಜೊತೆ ಕಹಿ, ಲೋಹದಂಥ ರುಚಿಯೂ ಇದೆ. ಗಂಜಿಯಲ್ಲಿ ಅದನ್ನು ಮರೆಮಾಚುವ ಬೇರೆ ರುಚಿ ಇಲ್ಲದ್ದರಿಂದ ಎದ್ದು ಕಾಣುತ್ತದೆ. ಹುಣಸೆ, ಮೆಣಸಿನಕಾಯಿ ಬಿದ್ದ ಸಾರಿನಲ್ಲಿ ಅಷ್ಟಾಗಿ ಕಾಣದು. ಆದರೆ ಮೂತ್ರಪಿಂಡದ ತೊಂದರೆ ಇರುವವರಿಗೆ ಈ ಉಪ್ಪು ಅಪಾಯ. ಬಿ.ಪಿ.ಯ ಕೆಲವು ಮಾತ್ರೆಗಳೂ ರಕ್ತದಲ್ಲಿ ಪೊಟ್ಯಾಸಿಯಂ ಏರಿಸುತ್ತವೆ. ವೈದ್ಯರನ್ನು ಕೇಳದೆ ಬಳಸಬೇಡಿ. ಗುಲಾಬಿ ಉಪ್ಪಿನಲ್ಲಿ ಸೋಡಿಯಂ ಹೆಚ್ಚು ಕಡಿಮೆ ಮಾಮೂಲಿ ಉಪ್ಪಿನಷ್ಟೇ ಇರುತ್ತದೆ, ಅಯೋಡಿನ್ ಸೇರಿಸಿರದಿದ್ದರೆ ಅದೊಂದು ನಷ್ಟ ಬೇರೆ.

ಪ್ರಶ್ನೆ: ನಾಲಿಗೆಯ ತುದಿಯಲ್ಲಿ ಸಿಹಿ, ಹಿಂಭಾಗದಲ್ಲಿ ಕಹಿ ಎಂದು ಶಾಲೆಯಲ್ಲಿ ಚಿತ್ರ ಬರೆಸಿದ್ದರು. ನಿಜವೇ? — ವಿದ್ಯಾರ್ಥಿ, ಕೊಪ್ಪಳ

ಉತ್ತರ: ನಿಜವಲ್ಲ. 1901ರಲ್ಲಿ ಜರ್ಮನಿಯ ಹ್ಯಾನಿಗ್ ಕಂಡದ್ದು ಜಾಗದಿಂದ ಜಾಗಕ್ಕೆ ಇರುವ ಬಹಳ ಸಣ್ಣ ವ್ಯತ್ಯಾಸ. ಮುಂದೆ ಪಠ್ಯಗಳಲ್ಲಿ ಅದು ದೊಡ್ಡದಾಗಿ, ಗಡಿ ಹಾಕಿದ ನಕ್ಷೆಯಾಯಿತು. ಉಪ್ಪುನೀರಿನಲ್ಲಿ ಅದ್ದಿದ ಹತ್ತಿಯ ಕಡ್ಡಿಯನ್ನು ನಾಲಿಗೆಯ ತುದಿಗೂ ಅಂಚಿಗೂ ಮುಟ್ಟಿಸಿ, ನಿಮಗೇ ತಿಳಿಯುತ್ತದೆ.

ಪ್ರಶ್ನೆ: ಆರು ವರ್ಷದ ಮಗಳು ಎಲೆಕೋಸು, ಹಾಗಲಕಾಯಿ ಎಂದರೆ ಓಡುತ್ತಾಳೆ. ಚಾಕೊಲೇಟ್ ಆಸೆ ತೋರಿಸಿ ತಿನ್ನಿಸುತ್ತಿದ್ದೇನೆ. ಸರಿಯೇ? — ಶಿವಮೊಗ್ಗ

ಉತ್ತರ: ಚಾಕೊಲೇಟ್ ಆಸೆ ತೋರಿಸುವುದನ್ನು ಬಿಡಿ. ‘ಇದು ತಿಂದರೆ ಅದು ಕೊಡುತ್ತೇನೆ’ ಎಂದಾಗ ಮಗುವಿಗೆ ಇದು ಕೆಟ್ಟದ್ದು, ಅದು ಒಳ್ಳೆಯದು ಎಂದೇ ಪಾಠವಾಗುತ್ತದೆ.

ಮಗಳು ಹಟ ಮಾಡುತ್ತಿದ್ದಾಳೆಂದು ಗದರಿಸುವ ಮುಂಚೆ ಒಂದು ಮಾತು. ಅವಳ ಬಾಯಿಗೆ ಎಲೆಕೋಸು ನಿಮ್ಮ ಬಾಯಿಗಿಂತ ಕಹಿಯಾಗಿರಬಹುದು. 1931ರಲ್ಲಿ ಅಮೆರಿಕದ ಡುಪಾಂಟ್ ಪ್ರಯೋಗಾಲಯದಲ್ಲಿ ಆರ್ಥರ್ ಫಾಕ್ಸ್ ಎಂಬ ರಸಾಯನಶಾಸ್ತ್ರಜ್ಞರ ಕೈಯಿಂದ ಪಿಟಿಸಿ ಎಂಬ ಪುಡಿ ಗಾಳಿಗೆ ಹಾರಿತು. ಪಕ್ಕದಲ್ಲಿದ್ದವರು ಬಾಯೆಲ್ಲ ಕಹಿ ಎಂದರೆ ಫಾಕ್ಸರಿಗೆ ಏನೂ ತಿಳಿಯಲಿಲ್ಲ. ಈ ವ್ಯತ್ಯಾಸ ಹುಟ್ಟಿನಿಂದಲೇ ಬರುವಂಥದ್ದು. ಅದರ ಮುಖ್ಯ ಜೀನ್ ಟಿಎಎಸ್2ಆರ್38 ಎಂದು 2003ರಲ್ಲಿ ಗೊತ್ತಾಯಿತು. ಎಲೆಕೋಸು, ಹೂಕೋಸು, ನವಿಲುಕೋಸಿನ ಕಹಿ ಈ ಬಗೆಯದು. ಹಾಗಲದ ಕಹಿ ಬೇರೆ ವಸ್ತುಗಳದ್ದು.

ಮಾಡಬೇಕಾದ್ದು ಇಷ್ಟೆ: ಒಂದು ಉಗುರಿನಷ್ಟು ತುಂಡು, ಹಸಿವಿದ್ದಾಗ, ಬಲವಂತವಿಲ್ಲದೆ. ಉಗುಳಿದರೆ ಉಗುಳಲಿ. ಎರಡು ದಿನ ಬಿಟ್ಟು ಅದೇ ತರಕಾರಿಯನ್ನು ಅದೇ ರೂಪದಲ್ಲಿ ಮತ್ತೆ ಇಡಿ. ಒಗ್ಗಲು ಎಂಟು ಹತ್ತು ಸಲವಾದರೂ ಬೇಕು, ಕೆಲವು ಮಕ್ಕಳಿಗೆ ಹದಿನೈದು. ಮೂರು ಸಲಕ್ಕೆ ‘ನಮ್ಮ ಮಗುವಿಗೆ ಇದು ಆಗೋದಿಲ್ಲ’ ಎಂದು ಕೈಬಿಡುವುದೇ ಎಲ್ಲ ಮನೆಗಳಲ್ಲಿ ಆಗುವ ತಪ್ಪು.

ಹಾಗಲಕ್ಕೆ ನಮ್ಮ ಗೊಜ್ಜಿಗಿಂತ ಒಳ್ಳೆಯ ದಾರಿ ಇಲ್ಲ. ಕಾಲು ಕಿಲೋ ಹಾಗಲವನ್ನು ತೆಳುವಾಗಿ ಹೆಚ್ಚಿ ಮೂರು ಗ್ರಾಂ ಉಪ್ಪು ಸವರಿ ಇಪ್ಪತ್ತು ನಿಮಿಷ ಬಿಡಿ, ಹಿಂಡಿ, ಒಮ್ಮೆ ತೊಳೆಯಿರಿ. ಕಹಿ ರಸದ ಜೊತೆ ಉಪ್ಪಿನ ಬಹುಪಾಲೂ ಹೋಗುತ್ತದೆ. ಹುರಿದು, 15 ಗ್ರಾಂ ಹುಣಸೆಯ ರಸ, 25 ಗ್ರಾಂ ಬೆಲ್ಲ, ಎರಡು ಗ್ರಾಂ ಉಪ್ಪು ಹಾಕಿ ಕುದಿಸಿ. ಇಲ್ಲಿ ಉಪ್ಪು ಬರೀ ಉಪ್ಪಿನ ರುಚಿಗಲ್ಲ. ಸೋಡಿಯಂ ಕಹಿಯನ್ನು ತಗ್ಗಿಸುತ್ತದೆ, ಕಹಿ ತಗ್ಗಿದಾಗ ಅದುಮಿಟ್ಟ ಸಿಹಿ ಮೇಲೇಳುತ್ತದೆ. ಇದನ್ನು 1997ರಲ್ಲಿ ಬ್ರೆಸ್ಲಿನ್ ಮತ್ತು ಬೋಷಾಂ ಪ್ರಯೋಗದಲ್ಲಿ ತೋರಿಸಿದರು. ಆ ಎರಡು ಗ್ರಾಂ ಬಿಟ್ಟರೆ ಬೆಲ್ಲ ಎರಡರಷ್ಟು ಸುರಿಯಬೇಕೆನಿಸುತ್ತದೆ.

ಪ್ರಶ್ನೆ: ನಮ್ಮ ಸ್ತ್ರೀಶಕ್ತಿ ಸಂಘದಿಂದ ಚಕ್ಕುಲಿ ಮಾರುತ್ತೇವೆ. ಕಿಲೋ ಹಿಟ್ಟಿಗೆ 20 ಗ್ರಾಂ ಉಪ್ಪನ್ನು 18ಕ್ಕೆ ಇಳಿಸುವ ಆಸೆ. ಗಿರಾಕಿಗಳಿಗೆ ಗೊತ್ತಾಗುತ್ತದೆಯೇ ಎಂದು ಮೊದಲೇ ತಿಳಿಯುವುದು ಹೇಗೆ? — ಹುಬ್ಬಳ್ಳಿ

ಉತ್ತರ: ತ್ರಿಕೋನ ಪರೀಕ್ಷೆ ಮಾಡಿ. ಒಬ್ಬೊಬ್ಬರಿಗೂ ಮೂರು ತುಂಡು ಕೊಡಬೇಕು. ಎರಡು ಒಂದೇ ಬಗೆಯವು, ಒಂದು ಬೇರೆ. ‘ಬೇರೆಯದು ಯಾವುದು?’ ಎಂದಷ್ಟೇ ಕೇಳಿ. ಯಾವುದು ಚೆನ್ನಾಗಿದೆ ಎಂದು ಕೇಳಿದರೆ ಪರೀಕ್ಷೆ ಕೆಟ್ಟಿತು. ಗೊತ್ತಾಗಲಿಲ್ಲ ಎಂದವರೂ ಊಹಿಸಿ ಒಂದನ್ನು ಹೇಳಲೇಬೇಕು.

24 ಜನರನ್ನು ಸೇರಿಸಿ. ಬರೀ ಊಹೆಯಿಂದಲೇ ಸುಮಾರು ಎಂಟು ಜನ ಸರಿ ಹೇಳುತ್ತಾರೆ. 13 ಅಥವಾ ಹೆಚ್ಚು ಮಂದಿ ಸರಿ ಹೇಳಿದರೆ ವ್ಯತ್ಯಾಸ ನಿಜವಾಗಿಯೂ ತಿಳಿಯುತ್ತಿದೆ ಎಂದರ್ಥ. ಹಳೆಯದನ್ನು ಹ, ಹೊಸದನ್ನು ಸ ಎನ್ನೋಣ. ಹಹಸ, ಹಸಹ, ಸಹಹ, ಸಸಹ, ಸಹಸ, ಹಸಸ ಹೀಗೆ ಆರು ಕ್ರಮಗಳಿವೆ, ಒಂದೊಂದು ಕ್ರಮ ನಾಲ್ವರಿಗೆ. ತಟ್ಟೆಗಳ ಮೇಲೆ 1, 2 ಎಂದು ಬರೆಯಬೇಡಿ, ಜನ ಒಂದನೆಯದೇ ಮೇಲು ಅಂದುಕೊಳ್ಳುತ್ತಾರೆ. 472, 815ರಂಥ ಮೂರಂಕಿ ಹಾಕಿ.

ಪರೀಕ್ಷೆ ಕೆಡುವುದು ಉಪ್ಪಿಗೆ ಸಂಬಂಧವಿಲ್ಲದ ಕಾರಣಗಳಿಂದ. ಒಂದು ಸುತ್ತು ಹೆಚ್ಚು ಕೆಂಪಗೆ ಕರಿದಿದ್ದರೆ ಜನ ಬಣ್ಣ ನೋಡಿಯೇ ಹೇಳಿಬಿಡುತ್ತಾರೆ. ಎರಡೂ ಹಿಟ್ಟನ್ನು ಅದೇ ದಿನ, ಅದೇ ಎಣ್ಣೆಯಲ್ಲಿ, ಅದೇ ಹೊತ್ತು ಕರಿಯಿರಿ, ಒಂದೇ ಬಗೆಯ ಡಬ್ಬಿಗಳಲ್ಲಿಡಿ. ತೇವ ಹಿಡಿದು ಕರುಕುರು ಸದ್ದು ತಗ್ಗಿದರೂ ರುಚಿ ಬೇರೆಯಾಯಿತು ಎನ್ನುತ್ತಾರೆ. ಆಕ್ಸ್‌ಫರ್ಡ್‌ನಲ್ಲಿ ಜಾಂಪಿನಿ ಮತ್ತು ಸ್ಪೆನ್ಸ್ 2004ರಲ್ಲಿ ಕಚ್ಚುವ ಸದ್ದನ್ನು ಹೆಡ್‌ಫೋನಿನಲ್ಲಿ ಏರಿಸಿ ಕೇಳಿಸಿದಾಗ ಅದೇ ಆಲೂ ಚಿಪ್ಸ್ ಹೆಚ್ಚು ಗರಿಗರಿ, ಹೆಚ್ಚು ತಾಜಾ ಎಂದು ಜನ ಹೇಳಿದ್ದರು. ಬೆಳಗ್ಗೆ ಹತ್ತು ಹನ್ನೊಂದರ ಹೊತ್ತು ಒಳ್ಳೆಯದು. ಒಂದು ಗಂಟೆ ಮೊದಲಿನಿಂದ ಎಲೆ ಅಡಿಕೆ, ಕಾಫಿ ಬೇಡ. ಆ ಕೋಣೆಯಲ್ಲಿ ಮಲ್ಲಿಗೆ, ಊದುಬತ್ತಿಯೂ ಬೇಡ. ತುಂಡು ತುಂಡಿಗೂ ನಡುವೆ ಒಂದು ಗುಟುಕು ಬೆಚ್ಚನೆಯ ನೀರು.

12 ಅಥವಾ ಕಡಿಮೆ ಜನ ಸರಿ ಹೇಳಿದರೆ ಎರಡೂ ಒಂದೇ ಎಂದು ಸಾಬೀತಾಗಲಿಲ್ಲ, ವ್ಯತ್ಯಾಸ ಸಿಗಲಿಲ್ಲ ಅಷ್ಟೆ. ಇನ್ನೊಂದು ದಿನ ಬೇರೆ 24 ಜನರಿಂದ ಮಾಡಿಸಿ ನೋಡಿ, ಆಮೇಲೆ ಮಾರುಕಟ್ಟೆಗೆ ಇಳಿಸಿ.

ಪ್ರಶ್ನೆ: ಅಮ್ಮನಿಗೆ 74. ಯಾವ ಅಡುಗೆಯೂ ರುಚಿಯಿಲ್ಲ ಎನ್ನುತ್ತಾರೆ, ಎಲ್ಲಕ್ಕೂ ಮೇಲೆ ಉಪ್ಪು ಹಾಕಿಕೊಳ್ಳುತ್ತಾರೆ. — ಮೈಸೂರು

ಉತ್ತರ: ನಾಲಿಗೆಗಿಂತ ಮೊದಲು ಮೂಗನ್ನು ಅನುಮಾನಿಸಿ. ನಾವು ರುಚಿ ಎನ್ನುವುದರ ದೊಡ್ಡ ಪಾಲು, ಅಗಿಯುವಾಗ ಗಂಟಲ ಹಿಂದಿನಿಂದ ಮೂಗಿಗೆ ಏರುವ ವಾಸನೆ. ವಯಸ್ಸಾದಂತೆ ಮೊದಲು ಮಂಕಾಗುವುದು ಅದೇ. ಏಲಕ್ಕಿ ಪುಡಿ ಬೆರೆಸಿದ ಬೆಲ್ಲವನ್ನು ಮೂಗು ಹಿಡಿದು ಅಗಿಯಲು ಹೇಳಿ, ಆಮೇಲೆ ಮೂಗು ಬಿಡಲಿ. ಬಿಟ್ಟಾಗ ಏಲಕ್ಕಿಯ ಘಮ ಥಟ್ಟನೆ ಬರಬೇಕು. ಸಿಹಿ ತಿಳಿದು ಘಮ ಬಾರದಿದ್ದರೆ ತೊಂದರೆ ಮೂಗಿನಲ್ಲಿದೆ, ಅದಕ್ಕೆ ಉಪ್ಪು ಮದ್ದಲ್ಲ. ಇಂಗು, ಕರಿಬೇವಿನ ಒಗ್ಗರಣೆಯನ್ನು ಅಡುಗೆಮನೆಯಲ್ಲಿ ಮುಗಿಸದೆ ಅವರ ತಟ್ಟೆಯ ಪಕ್ಕದಲ್ಲೇ ಬಿಸಿಯಾಗಿ ಸುರಿಯಿರಿ. ಕೊತ್ತಂಬರಿ, ಶುಂಠಿ, ನಿಂಬೆಸಿಪ್ಪೆ ಬಡಿಸುವ ಕ್ಷಣದಲ್ಲಿ ಬೀಳಲಿ. ಬಾಯಿ ಒಣಗುತ್ತಿದ್ದರೆ ಊಟದ ನಡುವೆ ಗುಟುಕು ಗುಟುಕಾಗಿ ನೀರು ಕೊಡಿ, ಎಂಜಲಿನಲ್ಲಿ ಕರಗದ ವಸ್ತು ನಾಲಿಗೆಗೆ ತಿಳಿಯುವುದಿಲ್ಲ. ಕೆಲವು ಮಾತ್ರೆಗಳೂ ರುಚಿ ಕೆಡಿಸುತ್ತವೆ, ಆದ್ದರಿಂದ ವೈದ್ಯರ ಬಳಿ ಹೋಗುವಾಗ ಅವರು ನುಂಗುವ ಎಲ್ಲ ಮಾತ್ರೆಗಳ ಪಟ್ಟಿ ಒಯ್ಯಿರಿ. ರುಚಿ, ವಾಸನೆ ಮೆಲ್ಲಗೆ ಕುಂದದೆ ಕೆಲವೇ ದಿನಗಳಲ್ಲಿ ಹೋಗಿದ್ದರೆ ತಡಮಾಡದೆ ತೋರಿಸಿ. ಮೂಗು ಮಂಕಾಗಿದ್ದರೆ ಗ್ಯಾಸ್ ಸೋರಿದರೂ, ಹಾಲು ಸೀದರೂ ಅವರಿಗೆ ವಾಸನೆ ಬಾರದಿರಬಹುದು. ಒಬ್ಬರೇ ಇರುವ ಹೊತ್ತಿನಲ್ಲಿ ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿಡಿ.