ಕಾಲೇಜಿನಲ್ಲಿ ಅಡಿಕೆ ಸುಲಿದ ಯಂತ್ರ ಅಂಗಳದಲ್ಲಿ ಅದನ್ನು ಯಾಕೆ ಒಡೆಯುತ್ತದೆ?
ಓದುಗರ ಪ್ರಶ್ನೆ, ತಜ್ಞರ ಉತ್ತರ

ನಮ್ಮ ಪಾಲಿಟೆಕ್ನಿಕ್‌ನ ಅಂತಿಮ ವರ್ಷದ ಹುಡುಗರು ಚಾಲಿ ಅಡಿಕೆ (ಸಿಪ್ಪೆ ಸಮೇತ ಒಣಗಿಸಿದ ಹಣ್ಣಡಿಕೆ) ಸುಲಿಯುವ ಯಂತ್ರ ಮಾಡಿದ್ದಾರೆ. ಕಾಲೇಜಿನಲ್ಲಿ ಚೆನ್ನಾಗಿ ಸುಲಿಯಿತು. ರೈತರ ಅಂಗಳಕ್ಕೆ ಒಯ್ದರೆ ಕೆಲವು ಒಡೆದವು, ಕೆಲವು ಸುಲಿಯಲೇ ಇಲ್ಲ. ಬ್ಲೇಡ್ ಬದಲಿಸಬೇಕೇ ಸರ್?
– ಉಪನ್ಯಾಸಕರು, ಸಾಗರ

ಬ್ಲೇಡಿಗೆ ಈಗಲೇ ಕೈ ಹಾಕಬೇಡಿ. ಒಡೆದದ್ದೂ ಸುಲಿಯದ್ದೂ ಒಂದೇ ಓಟದಲ್ಲಿ ಬಂದಿದ್ದರೆ ಮೊದಲ ಅನುಮಾನ ಗಾತ್ರದ ಮೇಲೆ. ರೋಲರ್ ಮತ್ತು ಬ್ಲೇಡಿನ ನಡುವಿನ ಸಂದು ಮಧ್ಯಮ ಗಾತ್ರಕ್ಕೆ ಹೊಂದಿಕೊಂಡಿದ್ದರೆ ದಪ್ಪ ಅಡಿಕೆ ಜಜ್ಜಿಹೋಗುತ್ತದೆ, ಸಣ್ಣದು ಹಾಗೆಯೇ ಜಾರಿ ಬೀಳುತ್ತದೆ. ಕಾಲೇಜಿಗೆ ತಂದ ಚೀಲ ಯಾರೋ ಆರಿಸಿ ಕೊಟ್ಟದ್ದಾಗಿರಬಹುದು. ಅಂಗಳದಲ್ಲಿ ಎಲ್ಲವೂ ಒಂದೇ ರಾಶಿ.

ಎರಡನೆಯದು ಒಣಗು. ಪೂರ್ತಿ ಒಣಗಿದ ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿದರೆ ಒಳಗಿನ ಅಡಿಕೆ ಸದ್ದು ಮಾಡುತ್ತದೆ, ಅಂದರೆ ಸಿಪ್ಪೆಗೂ ಅಡಿಕೆಗೂ ನಡುವೆ ಜಾಗ ಬಿಟ್ಟಿದೆ. ಸದ್ದಿಲ್ಲದ ಕಾಯಲ್ಲಿ ಆ ಜಾಗವಿರುವುದಿಲ್ಲ. ಬ್ಲೇಡ್ ಸಿಪ್ಪೆ ದಾಟಿ ನೇರ ಅಡಿಕೆಗೇ ಗೀರು ಹಾಕುತ್ತದೆ, ಹಸಿ ನಾರು ರೋಲರಿಗೆ ಸುತ್ತಿಕೊಳ್ಳುತ್ತದೆ. ರೈತರು ಕಿವಿಯಿಂದ ಮಾಡುವ ಈ ಪರೀಕ್ಷೆಯನ್ನು ನೀವು ತಕ್ಕಡಿಯಿಂದ ಮಾಡಿ: ಪ್ರತಿ ಚೀಲದಿಂದ ಒಂದಷ್ಟು ಕಾಯಿ ಸೀಳಿ ತೂಗಿ, 105 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ 24 ಗಂಟೆ ಇಟ್ಟು ಮತ್ತೆ ತೂಗಿ. ಇಳಿದ ತೂಕವನ್ನು ಮೊದಲಿನ ತೂಕದಿಂದ ಭಾಗಿಸಿ 100ರಿಂದ ಗುಣಿಸಿದರೆ ತೇವಾಂಶದ ಶೇಕಡಾವಾರು ಸಿಗುತ್ತದೆ.

ಇನ್ನು ಕರೆಂಟು. ಇಂಡಕ್ಷನ್ ಮೋಟರಿನ ಟಾರ್ಕ್, ಅಂದರೆ ತಿರುಗಿಸುವ ಬಲ, ವೋಲ್ಟೇಜಿನ ವರ್ಗಕ್ಕೆ (ವೋಲ್ಟೇಜನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಇಳಿಯುತ್ತದೆ. 230ರ ಬದಲು 180 ವೋಲ್ಟ್ ಬಂದರೆ ಉಳಿಯುವುದು ಸುಮಾರು 61% ಮಾತ್ರ. ಯಂತ್ರ ಓಡುತ್ತಿರುವಾಗಲೇ ಮೀಟರ್ ಹಿಡಿದು ನೋಡಿ. ಖಾಲಿ ಇದ್ದಾಗಿನ ವೋಲ್ಟೇಜ್ ಏನೂ ಹೇಳುವುದಿಲ್ಲ.

ಪ್ರಯೋಗ ಹೀಗಿರಲಿ. ಜರಡಿ ಹಿಡಿದು ದಪ್ಪ, ಮಧ್ಯಮ, ಸಣ್ಣ ಎಂದು ಬೇರ್ಪಡಿಸಿ. ಪ್ರತಿ ಗಾತ್ರಕ್ಕೆ ಸಂದಿನ ಮೂರು ಅಳತೆ, ಪ್ರತಿ ಅಳತೆಯಲ್ಲಿ ಮೂರು ಓಟ. ಒಟ್ಟು 27 ಓಟ. ಓಟಕ್ಕೆ 5 ಕೆಜಿಯಂತೆ 135 ಕೆಜಿ ಸಾಕು. ಓಟಗಳ ಕ್ರಮವನ್ನು ಚೀಟಿ ಎತ್ತಿ ನಿರ್ಧರಿಸಿ. ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಸಣ್ಣದನ್ನೆಲ್ಲ ಬೆಳಿಗ್ಗೆ, ದಪ್ಪದನ್ನೆಲ್ಲ ಮಧ್ಯಾಹ್ನ ಓಡಿಸಿದರೆ ಬೇರಿಂಗ್ ಬಿಸಿಯಾದದ್ದು, ವೋಲ್ಟೇಜ್ ಇಳಿದದ್ದು, ಹುಡುಗರ ಕೈ ಪಳಗಿದ್ದು ಎಲ್ಲವೂ ಗಾತ್ರದ ಲೆಕ್ಕಕ್ಕೇ ಸೇರಿಬಿಡುತ್ತವೆ. ಪ್ರತಿ ಓಟದ ಸಮಯ ಬರೆದುಕೊಂಡು, ಬಂದದ್ದನ್ನು ಪೂರ್ತಿ ಸುಲಿದದ್ದು, ಅರ್ಧ ಸುಲಿದದ್ದು, ಸುಲಿಯದ್ದು, ಒಡೆದದ್ದು ಅಥವಾ ಗೀರುಬಿದ್ದದ್ದು ಎಂದು ನಾಲ್ಕು ಗುಡ್ಡೆ ಮಾಡಿ ತೂಗಿ. "ದಕ್ಷತೆ 92%" ಎಂಬ ಒಂದೇ ಅಂಕಿ ವರದಿಯಲ್ಲಿ ಚೆಂದ ಕಾಣಬಹುದು, ರೈತನಿಗೆ ಬೇಕಾದದ್ದು ನಾಲ್ಕನೆಯ ಗುಡ್ಡೆಯ ತೂಕ.

ಅದೇ ರೀತಿಯ ಯಂತ್ರವನ್ನು 45,000 ರೂಪಾಯಿಗೆ ಮಾಡಿ ಮಾರಬೇಕೆಂದಿದ್ದೇನೆ. ಸಣ್ಣ ಬೆಳೆಗಾರರು ಕೊಳ್ಳುತ್ತಾರೆಯೇ?
– ಫ್ಯಾಬ್ರಿಕೇಷನ್ ಘಟಕದವರು, ಶಿರಸಿ

ಲೆಕ್ಕ ಹಾಕೋಣ, ದರಗಳು ಉದಾಹರಣೆಗೆ ಮಾತ್ರ, ನಿಮ್ಮೂರಿನದನ್ನು ಹಾಕಿಕೊಳ್ಳಿ. ಸುಲಿದ ಅಡಿಕೆಯ ಕೆಜಿಗೆ ಕೈಯಿಂದ 12 ರೂಪಾಯಿ, ಯಂತ್ರದಲ್ಲಿ ಆಳು-ಕರೆಂಟು ಸೇರಿ 4 ರೂಪಾಯಿ ಎಂದರೆ ಉಳಿತಾಯ 8. ಆದರೆ ಯಂತ್ರ ಕೈಗಿಂತ 4% ಹೆಚ್ಚು ಒಡೆಯುತ್ತದೆ, ಒಡೆದದ್ದಕ್ಕೆ ಕೆಜಿಗೆ 60 ರೂಪಾಯಿ ಕಡಿಮೆ ಸಿಗುತ್ತದೆ ಎಂದಿಟ್ಟುಕೊಳ್ಳಿ. ಅಲ್ಲಿಗೆ 2.40 ಹೋಯಿತು. ಉಳಿದದ್ದು 5.60. ಹಾಕಿದ ದುಡ್ಡು ಹುಟ್ಟಲು ಸುಮಾರು 80 ಕ್ವಿಂಟಲ್ ಸುಲಿಯಬೇಕು. ವರ್ಷಕ್ಕೆ 10 ಕ್ವಿಂಟಲ್ ಬೆಳೆಯುವವರಿಗೆ ಎಂಟು ವರ್ಷ. ಅವರು ಕೊಳ್ಳುವುದಿಲ್ಲ, ಕೊಳ್ಳಲೂ ಬಾರದು.

ನಿಮ್ಮ ಗಿರಾಕಿ ಮನೆಮನೆಗೆ ಹೋಗಿ ಬಾಡಿಗೆಗೆ ಸುಲಿದುಕೊಡುವವನು. ಹಾಗೆಂದ ಕೂಡಲೇ ವಿನ್ಯಾಸವೂ ಬದಲಾಗಬೇಕು: ಚಕ್ರ ಬೇಕು, ಇಬ್ಬರು ಎತ್ತಿ ಗೂಡ್ಸ್ ಆಟೋಗೆ ಹಾಕುವಷ್ಟು ಹಗುರವಿರಬೇಕು, ಸ್ಪ್ಯಾನರ್ ಇಲ್ಲದೆ ಸಂದು ಹೊಂದಿಸಲು ಹಿಡಿಕೆ ಇರಬೇಕು. ದಿನಕ್ಕೊಬ್ಬ ಹೊಸಬ ಪಕ್ಕದಲ್ಲಿ ನಿಲ್ಲುವುದರಿಂದ ಬೆಲ್ಟಿಗೂ ರೋಲರಿಗೂ ಗಾರ್ಡ್ ಬೇಕೇ ಬೇಕು.

ಐಟಿಐ ವೆಲ್ಡರ್ ಟ್ರೇಡಿನಲ್ಲಿ ಸಿಮ್ಯುಲೇಟರ್ (ನಿಜವಾದ ಬೆಸುಗೆಯಿಲ್ಲದೆ ಅಭ್ಯಾಸ ಮಾಡಿಸುವ ಕಂಪ್ಯೂಟರ್ ಉಪಕರಣ) ತಂದಿದ್ದೇವೆ. ಅದರಿಂದ ನಿಜವಾಗಿ ಲಾಭವಿದೆಯೇ ಎಂದು ಕಂಡುಕೊಳ್ಳುವುದು ಹೇಗೆ?
– ತರಬೇತಿ ಅಧಿಕಾರಿ, ಹುಬ್ಬಳ್ಳಿ

ಬೆಳಗಿನ ಬ್ಯಾಚ್ ಒಂದು ಕಡೆ, ಮಧ್ಯಾಹ್ನದ್ದು ಇನ್ನೊಂದು ಕಡೆ ಎಂದು ಹೋಲಿಸಬೇಡಿ. ಹಾಗೆ ಮಾಡಿದರೆ ಬೋಧಕರ ವ್ಯತ್ಯಾಸವನ್ನೇ ಅಳೆದಂತಾಗುತ್ತದೆ. ಎಲ್ಲರಿಗೂ ಮೊದಲು ಒಂದು ಪರೀಕ್ಷೆ ಕೊಟ್ಟು, ಅಂಕದ ಪ್ರಕಾರ ಸಾಲು ಮಾಡಿ, ಅಕ್ಕಪಕ್ಕದ ಇಬ್ಬರನ್ನು ಜೋಡಿ ಮಾಡಿ, ನಾಣ್ಯ ಚಿಮ್ಮಿ ಒಬ್ಬರನ್ನು ಸಿಮ್ಯುಲೇಟರಿಗೆ ಕಳಿಸಿ. ಇಬ್ಬರಿಗೂ ಒಟ್ಟು ಗಂಟೆ ಸಮವಿರಬೇಕು.

ಕೊನೆಯ ಪರೀಕ್ಷೆಗೆ 6 ಮಿಮೀ ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟ್, 60 ಡಿಗ್ರಿ ವಿ-ಗ್ರೂವ್ (ವಿ ಆಕಾರದ ಸಂದು), 3.15 ಮಿಮೀ ಇ6013 ದರ್ಜೆಯ ಎಲೆಕ್ಟ್ರೋಡ್ (ಬೆಸುಗೆ ಕಡ್ಡಿ) ಸಾಕು. ಎಲ್ಲರಿಗೂ ಒಂದೇ ಪ್ಯಾಕೆಟ್ಟಿನಿಂದ ಕೊಡಿ. ತೇವ ಹಿಡಿದ ಎಲೆಕ್ಟ್ರೋಡಿನಿಂದಲೂ ಬೆಸುಗೆಯಲ್ಲಿ ತೂತುಗಳು ಬರುತ್ತವೆ, ಅದನ್ನು ಹುಡುಗನ ಕೈ ಮೇಲೆ ಹಾಕಬಾರದು. ತುಂಡಿನ ಮೇಲೆ ಹೆಸರಿನ ಬದಲು ನಂಬರ್ ಪಂಚ್ ಹೊಡೆದು, ಯಾರು ಯಾವ ಗುಂಪೆಂದು ತಿಳಿಯದ ಬೋಧಕರಿಂದ ಅಂಡರ್‌ಕಟ್ (ಬೆಸುಗೆಯ ಅಂಚಿನಲ್ಲಿ ಕೊರೆದ ಗೀರು), ಸ್ಲ್ಯಾಗ್ (ಒಳಗೆ ಸಿಕ್ಕಿಕೊಂಡ ಕಿಟ್ಟ), ರೂಟ್ ಪೆನೆಟ್ರೇಷನ್ (ಬೆಸುಗೆ ತಳದವರೆಗೆ ಇಳಿದಿದೆಯೇ) ನೋಡಿಸಿ, ಬಳಿಕ ತುಂಡನ್ನು ಬಗ್ಗಿಸಿ ನೋಡುವ ಬೆಂಡ್ ಟೆಸ್ಟ್ ಮಾಡಿ. ಒಬ್ಬೊಬ್ಬರು ಸುಟ್ಟ ಎಲೆಕ್ಟ್ರೋಡ್ ಎಣಿಸಿಡಿ. ಎರಡೂ ಗುಂಪಿನ ಗುಣಮಟ್ಟ ಸಮ ಬಂದು ಎಲೆಕ್ಟ್ರೋಡ್ ಖರ್ಚು ತಗ್ಗಿದ್ದರೆ ಅದೂ ಫಲಿತಾಂಶವೇ.

ಚನ್ನಪಟ್ಟಣದ ಕುಶಲಕರ್ಮಿಗಳ ಜೊತೆ ಮಕ್ಕಳ ಆಟಿಕೆ ವಿನ್ಯಾಸ ಮಾಡುತ್ತಿದ್ದೇನೆ. ಒತ್ತಿ ಕೂರಿಸಿದ ಗೂಟಗಳು ಎರಡು ತಿಂಗಳಿಗೆ ಸಡಿಲವಾಗುತ್ತಿವೆ.
– ವಿನ್ಯಾಸ ವಿದ್ಯಾರ್ಥಿನಿ, ಬೆಂಗಳೂರು

ಮರ ಎಲ್ಲ ದಿಕ್ಕಿಗೂ ಸಮವಾಗಿ ಕುಗ್ಗುವುದಿಲ್ಲ. ವಾರ್ಷಿಕ ಉಂಗುರದ ಗುಂಟ ಹೆಚ್ಚು, ಅದಕ್ಕೆ ಅಡ್ಡಲಾಗಿ ಕಡಿಮೆ. ಈ ಆಟಿಕೆಗಳಿಗೆ ಬಳಸುವ ಹಾಲೆ ಮರವನ್ನು ಪೂರ್ತಿ ಒಣಗುವ ಮೊದಲೇ ಕಡೆದರೆ ದುಂಡಗಿನ ಗೂಟ ಕ್ರಮೇಣ ಮೊಟ್ಟೆಯಾಕಾರ ತಾಳಿ ತೂತಿನಲ್ಲಿ ಆಡುತ್ತದೆ. ಗೂಟದ ಮರವನ್ನು ಪ್ರತ್ಯೇಕವಾಗಿ ಒಣಗಿಸಿ. ದಿನ ಬಿಟ್ಟು ದಿನ ತೂಗಿದಾಗ ತೂಕ ಇಳಿಯುವುದು ನಿಂತ ಮೇಲೆ ಕಡೆಯಿರಿ. ಕೂರುವ ಭಾಗಕ್ಕೆ ಅರಗು ಹಚ್ಚಬೇಡಿ, ಅಂಟು ಹಿಡಿಯುವುದಿಲ್ಲ.

ಮೂರು ವರ್ಷದೊಳಗಿನ ಮಕ್ಕಳದ್ದಾದರೆ ಕಳಚಿಬರುವ ಯಾವ ಭಾಗವೂ 31.7 ಮಿಮೀ ವ್ಯಾಸದ ಪರೀಕ್ಷಾ ಕೊಳವೆಯೊಳಗೆ ಪೂರ್ತಿ ಮುಳುಗಬಾರದು. ಕೊಳವೆಯ ತಳ ಓರೆ: ಆಳ ಒಂದು ಬದಿ 25.4, ಇನ್ನೊಂದು ಬದಿ 57.1 ಮಿಮೀ. ಲೇತ್‌ನಲ್ಲೇ ಇಂಥದ್ದೊಂದನ್ನು ಮಾಡಿಟ್ಟುಕೊಂಡು ಮೊದಲ ಮಾದರಿಯಿಂದಲೇ ಬಳಸಿ.

ಯಂತ್ರದ ವಿಡಿಯೊ ಯೂಟ್ಯೂಬಿಗೆ ಹಾಕಿದ ಮೇಲೆ ಪೇಟೆಂಟ್ ಸಿಗುತ್ತದೆಯೇ?
– ವಿದ್ಯಾರ್ಥಿ, ದಾವಣಗೆರೆ

ಹೊಸತನದ ಅಂಶ ವಿಡಿಯೊದಲ್ಲಿ ಕಾಣುತ್ತಿದ್ದರೆ ಕಷ್ಟ. ನಮ್ಮ ಕಾಯ್ದೆಯಲ್ಲಿ 12 ತಿಂಗಳ ವಿನಾಯಿತಿ ಇರುವುದು ಸರ್ಕಾರ ಅಧಿಸೂಚಿಸಿದ ಪ್ರದರ್ಶನದಂಥ ಕೆಲವೇ ಸಂದರ್ಭಗಳಿಗೆ. ಇನ್ನೂ ಹಾಕದ ಸುಧಾರಣೆಯೇನಾದರೂ ಇದ್ದರೆ ಮೊದಲು ಪೇಟೆಂಟ್ ಕಚೇರಿಗೆ ತಾತ್ಕಾಲಿಕ ವಿವರಣೆ (ಪ್ರಾವಿಷನಲ್ ಸ್ಪೆಸಿಫಿಕೇಷನ್) ಸಲ್ಲಿಸಿ. ಪೂರ್ಣ ವಿವರಣೆಗೆ ಅಲ್ಲಿಂದ 12 ತಿಂಗಳು ಸಮಯವಿರುತ್ತದೆ. ವಿಡಿಯೊವನ್ನು ಸಲ್ಲಿಕೆಯ ನಂತರ ಹಾಕಿ.