ಜಲಪಾತದ ಫೋಟೋದಲ್ಲಿ ನೀರು ಸುಣ್ಣ ಬಳಿದ ಹಾಗೆ, ಬಂಡೆ ಮಸಿಯ ಹಾಗೆ ಬರುತ್ತದೆ. ಸರಿಪಡಿಸುವುದು ಹೇಗೆ?

ಅರ್ಧ ಸೆಕೆಂಡು ಷಟರ್ ಇಟ್ಟು ತೆಗೆದರೂ ನೀರಿನಲ್ಲಿ ಎಳೆಗಳೇ ಕಾಣುವುದಿಲ್ಲ, ಅಕ್ಕಪಕ್ಕದ ಬಂಡೆ ಕಪ್ಪಾಗುತ್ತದೆ, ಇದು ಎಡಿಟಿಂಗ್‌ನಲ್ಲಿ ಸರಿಹೋಗುತ್ತದೆಯೋ ಇಲ್ಲ ಎನ್‌ಡಿ ಫಿಲ್ಟರ್ (ಲೆನ್ಸಿಗೆ ಬರುವ ಬೆಳಕನ್ನು ಕಡಿಮೆ ಮಾಡುವ ಕಪ್ಪು ಗಾಜು) ಕೊಳ್ಳಲೇಬೇಕೋ ಎಂದು ಕೇಳಿದ್ದೀರಿ. ಫಿಲ್ಟರ್ ವಿಷಯ ಆಮೇಲೆ. ಮೊದಲು ಬದಲಾಯಿಸಬೇಕಾದದ್ದು ನೀವು ಅಲ್ಲಿಗೆ ಹೋಗುವ ಹೊತ್ತು.

ನೊರೆಯೆದ್ದ ನೀರು ತುಂಬ ಬಿಳಿ. ಒದ್ದೆ ಬಂಡೆ ಒಣ ಬಂಡೆಗಿಂತ ಎಷ್ಟೋ ಕಪ್ಪು. ನೀರಿನ ಮೇಲೆ ನೇರ ಬಿಸಿಲು, ಬಂಡೆಯ ಮೇಲೆ ನೆರಳು ಬಿದ್ದರಂತೂ ಎರಡರ ಅಂತರ ಸೆನ್ಸರ್ ಹಿಡಿಯುವ ಮಿತಿಯನ್ನು ದಾಟುತ್ತದೆ. ಆಗ ನೀರನ್ನು ಉಳಿಸಿಕೊಂಡರೆ ಬಂಡೆ ಹೋಗುತ್ತದೆ, ಬಂಡೆ ಉಳಿಸಿಕೊಂಡರೆ ನೀರು ಹೋಗುತ್ತದೆ. ಜಲಪಾತ ಪೂರ್ತಿ ನೆರಳಿನಲ್ಲಿರುವ ಹೊತ್ತು ನೋಡಿಕೊಳ್ಳಿ: ಮೋಡ ಕವಿದ ದಿನ, ಬಿಸಿಲು ಕಣಿವೆಗೆ ಇಳಿಯುವ ಮೊದಲು, ಅಥವಾ ಸೂರ್ಯ ಗುಡ್ಡದ ಹಿಂದೆ ಸರಿದ ಮೇಲೆ. ಮರಗಳ ನಡುವಿನಿಂದ ಬಿಸಿಲು ತುಂಡುತುಂಡಾಗಿ ಬೀಳುವ ಹೊತ್ತು ಎಲ್ಲಕ್ಕಿಂತ ಕೆಟ್ಟದ್ದು. ಮೋಡದ ದಿನ ಆಕಾಶವನ್ನು ಮಾತ್ರ ಚೌಕಟ್ಟಿನಿಂದ ಹೊರಗಿಡಿ. ಮೇಲ್ಗಡೆ ಉಳಿಯುವ ಬಿಳಿಯ ಪಟ್ಟಿ ಕಣ್ಣನ್ನೆಲ್ಲ ಅತ್ತ ಎಳೆಯುತ್ತದೆ.

ಎರಡನೆಯ ತಪ್ಪು ಕ್ಯಾಮೆರಾದಲ್ಲಿ ಬೆಳಕನ್ನು ಅಳೆಯುವ ಮೀಟರ್‌ನದು. ಎದುರಿಗಿರುವುದನ್ನೆಲ್ಲ ಒಟ್ಟು ಸೇರಿಸಿ ನಡುಬೂದು ಮಾಡುವುದು ಅದರ ಸ್ವಭಾವ. ಚೌಕಟ್ಟಿನ ಮುಕ್ಕಾಲು ಭಾಗ ಕಪ್ಪು ಬಂಡೆ, ಕಡುಹಸಿರು ಇದ್ದರೆ ಅದು ಬೆಳಕನ್ನು ಏರಿಸುತ್ತದೆ, ನೀರು ವಿವರವೇ ಇಲ್ಲದ ಬಿಳಿಯಾಗಿ ಸುಟ್ಟುಹೋಗುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಅನ್ನು −2/3ರಿಂದ −1ರವರೆಗೆ ಇಳಿಸಿ, ಹೈಲೈಟ್ ಮಿನುಗುವ ಎಚ್ಚರಿಕೆ (ಸುಟ್ಟ ಭಾಗ ಪರದೆಯಲ್ಲಿ ಮಿನುಗುವ ವ್ಯವಸ್ಥೆ) ಹಾಕಿಕೊಂಡು ಒಂದು ಫೋಟೋ ತೆಗೆಯಿರಿ. ನೀರಿನಲ್ಲಿ ಅಲ್ಲಲ್ಲಿ ಚುಕ್ಕೆಯಷ್ಟು ಮಿನುಗಿದರೆ ಚಿಂತೆಯಿಲ್ಲ. ಧಾರೆ ಪೂರ್ತಿ ಮಿನುಗಿದರೆ ಇನ್ನೂ 1/3 ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧವಾಗುವ ಅಥವಾ ಇಮ್ಮಡಿಯಾಗುವ ಅಳತೆ). ಇದಕ್ಕೆ ವಿರುದ್ಧವಾದದ್ದೂ ಉಂಟು: ಚೌಕಟ್ಟು ತುಂಬ ನೀರೇ ಇದ್ದರೆ ಮೀಟರ್ ಅದನ್ನು ಬೂದಿಯ ಬಣ್ಣಕ್ಕೆ ತರುತ್ತದೆ, ಆಗ +2/3 ಬೇಕಾಗುತ್ತದೆ. ಸೆನ್ಸರ್ ಹಿಡಿದದ್ದನ್ನೆಲ್ಲ ಹಾಗೆಯೇ ಇಡುವ ರಾ ಫೈಲ್‌ನಲ್ಲೇ ತೆಗೆಯಿರಿ. ಪರದೆಯ ಹಿಸ್ಟೋಗ್ರಾಂ (ಬೆಳಕಿನ ಹಂಚಿಕೆಯ ನಕ್ಷೆ) ಜೆಪೆಗ್‌ನಿಂದ ಹುಟ್ಟಿದ್ದು. ರಾದಲ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚು ಉಳಿದಿರುತ್ತದೆ.

ಇನ್ನು ಷಟರ್. ಎಲ್ಲ ಜಲಪಾತಕ್ಕೂ ಅರ್ಧ ಸೆಕೆಂಡು ಎಂಬ ಸೂತ್ರ ಬಿಟ್ಟುಬಿಡಿ. ನೀರು ಎಷ್ಟು ವೇಗವಾಗಿ ಬೀಳುತ್ತದೆ, ನೀವು ಎಷ್ಟು ಹತ್ತಿರ ನಿಂತಿದ್ದೀರಿ ಎಂಬುದರ ಮೇಲೆ ಅದು ನಿಂತಿದೆ. 20 ಮೀಟರ್ ಬಿದ್ದ ನೀರು ಬುಡ ಮುಟ್ಟುವ ಹೊತ್ತಿಗೆ, ಗಾಳಿಯ ತಡೆ ಬಿಟ್ಟರೆ, ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿರುತ್ತದೆ. ಅಂಥದ್ದಕ್ಕೆ 1/8ರಿಂದ 1/4 ಸೆಕೆಂಡು ಸಾಕು. ಅರ್ಧ ಸೆಕೆಂಡು ಇಟ್ಟರೆ ಒಂದರ ಮೇಲೊಂದು ಎಳೆ ಬಿದ್ದು ಎಲ್ಲವೂ ಹಾಲಿನ ಕೆನೆಯಾಗುತ್ತದೆ. ನಿಮ್ಮ ಫೋಟೋದಲ್ಲಿ ಆಗಿರುವುದು ಬಹುಶಃ ಇದೇ. ಬಂಡೆಯ ಮೇಲೆ ತೆಳುವಾಗಿ ಜಾರುವ ತೊರೆಗೆ 1/2ರಿಂದ 1 ಸೆಕೆಂಡು ಬೇಕು. ಮಳೆಗಾಲದ ಕೆಂಪು ಪ್ರವಾಹದಂಥ ದೊಡ್ಡ ಜಲಪಾತಕ್ಕೆ ರೇಷ್ಮೆಯ ಗುಣ ಒಪ್ಪುವುದೂ ಇಲ್ಲ. ಅದಕ್ಕೆ 1/500 ಅಥವಾ 1/1000 ಇಟ್ಟು ಸಿಡಿಯುವ ಹನಿಗಳನ್ನೇ ಹಿಡಿಯಬೇಕು, ಅದರ ರಭಸ ಕಾಣುವುದು ಹಾಗೆಯೇ. ಸಂದೇಹವಿದ್ದರೆ ಅದೇ ಚೌಕಟ್ಟನ್ನು 1/15, 1/8, 1/4, 1/2, 1 ಎಂದು ಐದು ಸಲ ತೆಗೆದು, ಮನೆಗೆ ಬಂದು ದೊಡ್ಡ ಪರದೆಯಲ್ಲಿ ಆರಿಸಿ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಳೆಗಳ ವ್ಯತ್ಯಾಸ ಸರಿಯಾಗಿ ಗೊತ್ತಾಗುವುದಿಲ್ಲ.

ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100, ಅಪರ್ಚರ್ (ಲೆನ್ಸಿನ ರಂಧ್ರ) ಎಫ್ 8ರಿಂದ ಎಫ್ 11 ಇರಲಿ. ಷಟರ್ ನಿಧಾನವಾಗಲಿ ಎಂದು ಎಫ್ 22ಕ್ಕೆ ಹೋಗಬೇಡಿ. ಅಷ್ಟು ಕಿರಿದಾದ ರಂಧ್ರದಲ್ಲಿ ಬೆಳಕು ಚೆದುರಿ ಇಡೀ ಚಿತ್ರ ಮೆತ್ತಗಾಗುತ್ತದೆ.

ಫಿಲ್ಟರ್ ಬೇಕೇ ಎಂಬುದಕ್ಕೆ ಲೆಕ್ಕ ಸುಲಭ. ಐಎಸ್‌ಒ 100, ಎಫ್ 11 ಇಟ್ಟರೆ ಪೂರ್ತಿ ಬಿಸಿಲಿನಲ್ಲಿ ಷಟರ್ ಸುಮಾರು 1/200. ದಟ್ಟ ಮೋಡವಿದ್ದರೆ ಸುಮಾರು 1/25. ಮೋಡದ ಜೊತೆ ಮರದ ನೆರಳೂ ಇದ್ದರೆ 1/6ರ ಆಸುಪಾಸು ತಾನಾಗಿಯೇ ಬರುತ್ತದೆ, ಫಿಲ್ಟರ್ ಬೇಕಾಗಿಯೇ ಇಲ್ಲ. ಬಿಸಿಲಿನಲ್ಲಿ ತೆಗೆಯಲೇಬೇಕೆಂದರೆ 6 ಸ್ಟಾಪಿನ ಎನ್‌ಡಿ 64 ಹಾಕಿದಾಗ 1/200 ಹೋಗಿ ಸುಮಾರು 1/3 ಸೆಕೆಂಡು ಆಗುತ್ತದೆ. 10 ಸ್ಟಾಪಿನ ಎನ್‌ಡಿ 1000 ಜಲಪಾತಕ್ಕೆ ಅತಿಯಾಯಿತು. ಕಡುಗಪ್ಪು ಫಿಲ್ಟರ್ ಹಾಕುವ ಮೊದಲೇ ಫೋಕಸ್ ಮಾಡಿ ಮ್ಯಾನುಯಲ್‌ಗೆ ತಿರುಗಿಸಿಬಿಡಿ, ಹಾಕಿದ ಮೇಲೆ ಆಟೋಫೋಕಸ್ ತಡಕಾಡಬಹುದು.

ಒಂದೇ ಫಿಲ್ಟರ್ ಕೊಳ್ಳುವುದಾದರೆ ನಾನು ಹೇಳುವುದು ಪೋಲರೈಸರ್. ಒದ್ದೆ ಬಂಡೆ ಮತ್ತು ಎಲೆಗಳ ಮೇಲಿನ ಬಿಳಿ ಹೊಳಪನ್ನು ಅದು ತೆಗೆಯುತ್ತದೆ, ಅಡಿಯಲ್ಲಿರುವ ಬಣ್ಣ ಹೊರಬರುತ್ತದೆ. ಆ ಕೆಲಸವನ್ನು ಯಾವ ಸಾಫ್ಟ್‌ವೇರೂ ಸರಿಯಾಗಿ ಮಾಡಲಾರದು. ಜೊತೆಗೆ 1ರಿಂದ 2 ಸ್ಟಾಪ್ ಬೆಳಕನ್ನೂ ಕಡಿಮೆ ಮಾಡುವುದರಿಂದ ಮೋಡದ ದಿನ ಅದೇ ಎನ್‌ಡಿಯ ಕೆಲಸ ಮಾಡುತ್ತದೆ. ಅದನ್ನು ನಿಧಾನವಾಗಿ ತಿರುಗಿಸುತ್ತ ಬಂಡೆಯ ಹೊಳಪನ್ನು ನೋಡಿ, ಹೊಳಪು ಹೋದ ಕಡೆ ನಿಲ್ಲಿಸಿ. ತುಂತುರಿನಲ್ಲಿ ಕಾಮನಬಿಲ್ಲು ಇದ್ದರೆ ಮಾತ್ರ ಜೋಕೆ: ಒಂದು ಕೋನದಲ್ಲಿ ಬಿಲ್ಲು ಗಾಢವಾಗುತ್ತದೆ, ಇನ್ನೊಂದರಲ್ಲಿ ಮಾಯವಾಗುತ್ತದೆ.

ಟ್ರೈಪಾಡ್ ಇದ್ದೂ ಬಂಡೆ ಮಸುಕಾದರೆ ಕಾರಣ ಸಾಮಾನ್ಯವಾಗಿ ಕಾಲಿನ ಕಡೆ ಇರುತ್ತದೆ. ಹರಿಯುವ ನೀರಿನಲ್ಲಿ ಇಟ್ಟ ಕಾಲು ಸಣ್ಣಗೆ ನಡುಗುತ್ತದೆ. ಮರಳಿನಲ್ಲಿ ಒತ್ತಿ ಕೂರಿಸಿ ಅಥವಾ ಕಲ್ಲಿನ ಸಂದಿಗೆ ಸಿಕ್ಕಿಸಿ, ನಡುಗಂಬ ಮೇಲೆತ್ತಬೇಡಿ. 2 ಸೆಕೆಂಡಿನ ಟೈಮರ್ ಇಡಿ, ಲೆನ್ಸಿನ ಸ್ಟೆಬಿಲೈಸೇಷನ್ (ಅಲುಗಾಟ ತಡೆಯುವ ವ್ಯವಸ್ಥೆ) ಆಫ್ ಮಾಡಿ. ಗಾಳಿಗೆ ಎಲೆ ಅಲುಗಾಡುತ್ತಿದ್ದರೆ ಕ್ಯಾಮೆರಾ ಕದಲಿಸದೆ, ಐಎಸ್‌ಒ 1600ಕ್ಕೆ ಏರಿಸಿ 1/60ರಲ್ಲಿ ಇನ್ನೊಂದು ತೆಗೆದಿಟ್ಟುಕೊಳ್ಳಿ; ಆಮೇಲೆ ಎಲೆಗಳನ್ನು ಅದರಿಂದ, ನೀರನ್ನು ಮೊದಲನೆಯದರಿಂದ ಮಾಸ್ಕ್ ಹಾಕಿ (ಬೇಕಾದ ಭಾಗವನ್ನಷ್ಟೇ ಗುರುತಿಸಿ) ಸೇರಿಸಬಹುದು.

ತುಂತುರು ಲೆನ್ಸಿನ ಮೇಲೆ ಕೂತರೆ ಚಿತ್ರದಲ್ಲಿ ಮಂಜಿನ ಮಚ್ಚೆಗಳಾಗುತ್ತವೆ. ಕ್ಯಾಮೆರಾ ಸಿದ್ಧಮಾಡುವಷ್ಟು ಹೊತ್ತೂ ಮುಚ್ಚಳ ಹಾಕಿಡಿ, ತೆಗೆಯುವ ಕ್ಷಣಕ್ಕೆ ಒರೆಸಿ. ಮೈಕ್ರೋಫೈಬರ್ ಬಟ್ಟೆ ಒಂದು ಸಾಲದು. ಮೂರ್ನಾಲ್ಕು ಒಣ ಬಟ್ಟೆ ಇರಲಿ, ಒದ್ದೆಯಾದದ್ದು ಒರೆಸುವುದಕ್ಕಿಂತ ಹಚ್ಚುವುದೇ ಹೆಚ್ಚು.

ಟ್ರೈಪಾಡೂ ಇಲ್ಲ, ಫಿಲ್ಟರೂ ಇಲ್ಲ ಎಂದರೂ ದಾರಿಯಿದೆ. ಕೈಯಲ್ಲೇ ಹಿಡಿದು 1/30ರಲ್ಲಿ ಬರ್ಸ್ಟ್ ಮಾಡಿ ಒಂದರ ಹಿಂದೊಂದು 16 ಫೋಟೋ ತೆಗೆಯಿರಿ. ಫೋಟೋಶಾಪ್‌ನಲ್ಲಿ ಎಲ್ಲವನ್ನೂ ಪದರಗಳಾಗಿ ತಂದು, ಹೊಂದಿಸಿ, ಸ್ಮಾರ್ಟ್ ಆಬ್ಜೆಕ್ಟ್ ಮಾಡಿ, ಸ್ಟ್ಯಾಕ್ ಮೋಡ್‌ನಲ್ಲಿ ಮೀನ್ ಆಯ್ದುಕೊಂಡರೆ ಸರಾಸರಿ ಚಿತ್ರ ಬರುತ್ತದೆ. ನೀರು ಸುಮಾರು ಅರ್ಧ ಸೆಕೆಂಡು ಇಟ್ಟಷ್ಟು ನುಣುಪಾಗುತ್ತದೆ, ಕಾಳುಕಾಳಾಗಿ ಕಾಣುವ ನಾಯ್ಸ್ ಕಾಲು ಭಾಗಕ್ಕೆ ಇಳಿಯುತ್ತದೆ. ಐಫೋನಿನಲ್ಲಾದರೆ ಲೈವ್ ಫೋಟೋ ತೆಗೆದು ಆಮೇಲೆ ಲಾಂಗ್ ಎಕ್ಸ್‌ಪೋಷರ್ ಆರಿಸಿದರೆ ಆಯಿತು. ಅಂಚುಗಳು ಸ್ವಲ್ಪ ಕತ್ತರಿಸಿಹೋಗುವುದರಿಂದ ಸುತ್ತ ಜಾಗ ಬಿಟ್ಟು ತೆಗೆಯಿರಿ.

ಎಡಿಟಿಂಗ್‌ನಲ್ಲಿ ಬಹಳ ಮಂದಿ ಹೈಲೈಟ್ಸ್ ಅನ್ನು −100ಕ್ಕೆ ಎಳೆದು ನೀರನ್ನು ಬೂದಿ ಕಲಸಿದಂತೆ ಮಾಡುತ್ತಾರೆ. ಲೈಟ್‌ರೂಮ್‌ನಲ್ಲಿ −40ರ ಆಸುಪಾಸಿಗೆ ಇಳಿಸಿ, ಆಮೇಲೆ ವೈಟ್ಸ್ ಅನ್ನು ಸುಡುವ ಮುಂಚಿನ ಹಂತದವರೆಗೆ ಏರಿಸಿ. ಎಳೆಯೂ ಉಳಿಯುತ್ತದೆ, ಬಿಳುಪೂ ಉಳಿಯುತ್ತದೆ. ಬಂಡೆಗೆ ಶ್ಯಾಡೋಸ್ +30 ಸಾಕು. ಒದ್ದೆ ಕಲ್ಲು ಕಪ್ಪಾಗಿಯೇ ಇರಬೇಕು, ಅದನ್ನು ಬೆಳಗಿಸಿದರೆ ಒಣಗಿದಂತೆ ಕಾಣುತ್ತದೆ.

ನೆರಳಿನಲ್ಲಿ ನೀರು ನೀಲಿಯಾಗುವುದು ಸಹಜ. ಅದನ್ನು ತೆಗೆಯಲು ಇಡೀ ಚಿತ್ರದ ವೈಟ್ ಬ್ಯಾಲೆನ್ಸ್ ಬೆಚ್ಚಗೆ ಮಾಡಿದರೆ ಎಲೆಗಳು ಹಳದಿಯಾಗುತ್ತವೆ. ನೀರಿಗೆ ಮಾತ್ರ ಬ್ರಷ್‌ನಿಂದ ಮಾಸ್ಕ್ ಮಾಡಿ ಸ್ಯಾಚುರೇಷನ್ −30 ಮಾಡಿ. ಅದೇ ಮಾಸ್ಕ್‌ನಲ್ಲಿ ಕ್ಲಾರಿಟಿ −10 ಇಟ್ಟು, ಬಂಡೆಗೆ ಬೇರೆ ಮಾಸ್ಕ್ ಮಾಡಿ +15 ಕೊಡಿ. ಎಲೆಯ ಹಸಿರು ಕಣ್ಣಿಗೆ ಚುಚ್ಚುತ್ತಿದ್ದರೆ ಹಸಿರಿಗಿಂತ ಮೊದಲು ಹಳದಿಯ ಸ್ಯಾಚುರೇಷನ್ ಇಳಿಸಿ. ಎಲೆಯ ಬಣ್ಣ ಹೆಚ್ಚಾಗಿ ಆ ಪಟ್ಟಿಯಲ್ಲೇ ಕೂತಿರುತ್ತದೆ. ಮಬ್ಬು ತೆಗೆಯುವ ಡೀಹೇಜ್ ಮುಟ್ಟದಿರುವುದು ಒಳ್ಳೆಯದು, ಬುಡದಲ್ಲಿ ಏಳುವ ತುಂತುರಿನ ಮೋಡವನ್ನೇ ಅದು ತಿಂದುಬಿಡುತ್ತದೆ. ಶಾರ್ಪನಿಂಗ್‌ನಲ್ಲಿ ಮಾಸ್ಕಿಂಗ್ ಸ್ಲೈಡರನ್ನು ಆಲ್ಟ್ ಕೀಲಿ ಒತ್ತಿ ಎಳೆದರೆ ಪರದೆ ಕಪ್ಪುಬಿಳಿಯಾಗುತ್ತದೆ. ನೀರು ಪೂರ್ತಿ ಕಪ್ಪಾಗುವವರೆಗೆ ಎಳೆಯಿರಿ.

ಈಗಾಗಲೇ ತೆಗೆದಿರುವ ಫೋಟೋಗಳು ಜೆಪೆಗ್ ಆಗಿದ್ದು, ಧಾರೆ ಪೂರ್ತಿ 255 (ಪೂರ್ತಿ ಬಿಳಿ) ತೋರಿಸುತ್ತಿದ್ದರೆ ಅಲ್ಲಿ ಹೊರತೆಗೆಯಲು ಏನೂ ಉಳಿದಿಲ್ಲ. ರಾ ಇದ್ದರೆ ಮೊದಲು ಎಕ್ಸ್‌ಪೋಷರ್ −1 ಮಾಡಿ ನೋಡಿ, ಮೂರು ಬಣ್ಣದ ಚಾನೆಲ್‌ಗಳಲ್ಲಿ ಒಂದಾದರೂ ಸುಡದೆ ಇದ್ದರೆ ಎಳೆಗಳು ಮಸುಕಾಗಿ ಹೊರಬರುತ್ತವೆ. ಬಣ್ಣ ಅಷ್ಟು ನಂಬುವಂತಿರುವುದಿಲ್ಲ, ಅಂಥವನ್ನು ಕಪ್ಪುಬಿಳುಪು ಮಾಡಿ.